ಜಾನ್ ವೆಸ್ಲಿಯವರೂ ಮನೆಮನೆಯ ಸಂದರ್ಶನವೂ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಗಳ ಸಭೆಗಳಲ್ಲಿ ಜಾನ್ ವೆಸ್ಲಿಯವರ ಹೆಸರನ್ನು ಕೇಳದವರು ವಿರಳ. ಅವರು ಕುದುರೆಯನ್ನೇರಿ ಊರೂರು ತಿರುಗಿ ಬಯಲಲ್ಲಿ ಸಾವಿರಾರು ಜನರಿಗೆ ಸುವಾರ್ತೆಯನ್ನು ಸಾರಿದ ಮಹಾಪುರುಷರೆಂದು ನಾವೆಲ್ಲರೂ ಬಲ್ಲೆವು. ಆದರೆ ಅವರು ಮಾಡಿದ ಇನ್ನೊಂದು ಕೆಲಸವಿದೆ. ಅದರ ಮಾತು ನಮ್ಮಲ್ಲಿ ಅಪರೂಪವಾಗಿ ಕೇಳಿಬರುತ್ತದೆ. ಅದೇನಂದರೆ, ಸಂಬಳವಿಲ್ಲದ ಸಾಮಾನ್ಯ ವಿಶ್ವಾಸಿಗಳನ್ನು ಇಬ್ಬಿಬ್ಬರನ್ನಾಗಿ ಕೂಡಿಸಿ, ಇಂತಿಂಥ ಓಣಿ ನಿಮ್ಮದೆಂದು ಹಂಚಿಕೊಟ್ಟು, ರೋಗಿಗಳ ಮತ್ತು ಬಡವರ ಮನೆಗಳಿಗೆ ತಪ್ಪದೆ ಹೋಗಿಬರುವಂತೆ ನೇಮಿಸಿದ್ದು. ಈ ತಿಂಗಳು ಅವರ ಜೀವಿತವನ್ನು ಈ ಒಂದು ದಾರಿಯನ್ನು ಹಿಡಿದು ಹೇಳಬೇಕೆಂದಿದ್ದೇವೆ.

ವೆಸ್ಲಿಯವರು 1703ನೇ ಇಸವಿಯ ಜೂನ್ ತಿಂಗಳಲ್ಲಿ ಇಂಗ್ಲೆಂಡ್ ದೇಶದ ಎಪ್‌ವರ್ತ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಅವರ ತಂದೆ ಸಾಮುವೇಲ್ ವೆಸ್ಲಿಯವರು ಆ ಊರಿನ ಸಭಾಪಾಲಕರು; ತಾಯಿ ಸುಸನ್ನಾ. ಈ ತಾಯಿ ಹೆತ್ತ ಮಕ್ಕಳು 19. ಅವರಲ್ಲಿ ಅನೇಕರು ಹಸುಗೂಸುಗಳಾಗಿರುವಾಗಲೇ ತೀರಿಹೋದರು. ಪಾಲಕರ ಮನೆಯಾದರೂ ಸಾಲವು ಅವರನ್ನು ಬಿಟ್ಟಿರಲಿಲ್ಲ. 1705ರಲ್ಲಿ ಸಾಲ ತೀರಿಸಲಾರದೆ ತಂದೆಯು ಲಿಂಕನ್ ಪಟ್ಟಣದ ಕೋಟೆಯಲ್ಲಿ ಸೆರೆಯಲ್ಲಿರಬೇಕಾಯಿತು. 1709ರ ಫೆಬ್ರವರಿ ತಿಂಗಳ ಒಂದು ರಾತ್ರಿ ಮನೆಗೆ ಬೆಂಕಿ ಬಿತ್ತು. ಎಲ್ಲರೂ ಹೊರಗೆ ಓಡಿದರು. ಐದು ವರುಷದ ಜಾನ್ ಮಾತ್ರ ಮಹಡಿಯಲ್ಲಿ ಉಳಿದನು. ನಿಚ್ಚಣಿಕೆ ತರಲು ಸಮಯವಿಲ್ಲದ್ದರಿಂದ ನೆರೆಯವರಲ್ಲಿ ಒಬ್ಬನ ಹೆಗಲ ಮೇಲೆ ಮತ್ತೊಬ್ಬನು ನಿಂತು ಕಿಟಕಿಯಿಂದ ಹುಡುಗನನ್ನು ಎಳೆದುಕೊಂಡರು. ಕೂಡಲೆ ಮಾಳಿಗೆಯು ಕುಸಿದುಬಿತ್ತು. ನೆರೆಯವರ ಕೈಗಳು ಸಮಯಕ್ಕೆ ಬಾರದಿದ್ದರೆ ವೆಸ್ಲಿಯವರ ಚರಿತ್ರೆಯು ಅಲ್ಲಿಗೇ ಮುಗಿಯುತ್ತಿತ್ತು.

ಸುಸನ್ನಾ ತಾಯಿಯವರಿಗೆ ಒಂದು ಪದ್ಧತಿಯಿತ್ತು. ಮನೆ ತುಂಬ ಮಕ್ಕಳಿದ್ದರೂ ವಾರದಲ್ಲಿ ಒಂದೊಂದು ಸಂಜೆ ಒಂದೊಂದು ಮಗುವನ್ನು ಪ್ರತ್ಯೇಕವಾಗಿ ಕೂಡಿಸಿಕೊಂಡು ಅದರ ಮನಸ್ಸಿನ ಮಾತುಗಳನ್ನು ಕೇಳುತ್ತಿದ್ದರು. ಜಾನನ ಪಾಲಿಗೆ ಬಂದದ್ದು ಗುರುವಾರ. ಬಹಳ ವರುಷಗಳ ತರುವಾಯ ವೆಸ್ಲಿಯವರು ಆ ಗುರುವಾರಗಳನ್ನು ಕೃತಜ್ಞತೆಯಿಂದ ನೆನಸಿಕೊಂಡರು. ಎಲ್ಲರಿಗೂ ಸೇರಿಸಿ ಹೇಳುವ ಉಪದೇಶ ಒಂದು; ಒಬ್ಬನನ್ನೇ ಎದುರಿಗೆ ಕೂಡಿಸಿಕೊಂಡು ಕೇಳುವ ಪ್ರೀತಿ ಇನ್ನೊಂದು. ಈ ಭೇದವನ್ನು ಅವರು ಚಿಕ್ಕಂದಿನಲ್ಲಿಯೇ ಅನುಭವದಿಂದ ಕಲಿತರು.

1720ರಲ್ಲಿ ಅವರು ಆಕ್ಸ್‌ಫರ್ಡ್ ವಿದ್ಯಾಪೀಠವನ್ನು ಸೇರಿದರು. 1726ರಲ್ಲಿ ಅಲ್ಲಿಯ ಲಿಂಕನ್ ಕಾಲೇಜಿನ ಸದಸ್ಯರಾಗಿ ಆರಿಸಲ್ಪಟ್ಟರು. 1729ರ ಸುಮಾರಿಗೆ ಅವರ ತಮ್ಮ ಚಾರ್ಲ್ಸ್ ಮತ್ತು ಕೆಲವು ಗೆಳೆಯರು ಪ್ರಾರ್ಥನೆಗೂ ವೇದಪಠನಕ್ಕೂ ಕೂಡಿಬರುತ್ತಿದ್ದರು. ಜಾನ್ ಆ ಗುಂಪಿಗೆ ನಾಯಕರಾದರು. ಇವರು ಎಲ್ಲವನ್ನೂ ಕ್ರಮದಿಂದ ಮಾಡುತ್ತಿದ್ದದರಿಂದ ಇತರ ವಿದ್ಯಾರ್ಥಿಗಳು ಇವರನ್ನು ಹಾಸ್ಯಮಾಡಿ ಮೆಥೊಡಿಸ್ಟರು, ಅಂದರೆ ಕ್ರಮದವರು, ಎಂದು ಕರೆದರು. ಇಂದು ನಾವು ಗೌರವದಿಂದ ಹೇಳಿಕೊಳ್ಳುವ ಹೆಸರು ಮೊದಲು ಒಂದು ಅಪಹಾಸ್ಯವಾಗಿತ್ತು.

ಆ ಗುಂಪಿನಲ್ಲಿ ವಿಲಿಯಮ್ ಮಾರ್ಗನ್ ಎಂಬ ಯೌವನಸ್ಥನಿದ್ದನು. ಪುಸ್ತಕಗಳ ನಡುವೆ ಇದ್ದವರನ್ನು ಬಡವರ ಬಾಗಿಲಿಗೆ ಕರೆದುಕೊಂಡು ಹೋದವನು ಇವನೇ. ಅವನು ಪಟ್ಟಣದ ಸೆರೆಮನೆಗೆ ಹೋಗಿ ಮರಣದಂಡನೆಗೆ ಗುರಿಯಾದ ಒಬ್ಬನನ್ನು ಕಂಡು ಮಾತಾಡಿದನು. ಸಾಲಕ್ಕಾಗಿ ಸೆರೆಯಾದವರೊಂದಿಗೂ ಮಾತಾಡಿದನು. ತರುವಾಯ ಗೆಳೆಯರನ್ನು ಒತ್ತಾಯಮಾಡಿದನು. 1730ನೇ ಇಸವಿಯ ಆಗಸ್ಟ್ 24ರಂದು ವೆಸ್ಲಿ ಸಹೋದರರು ಅವನೊಂದಿಗೆ ಸೆರೆಮನೆಗೆ ಹೋದರು. ಅಲ್ಲಿಂದ ಆರಂಭವಾದ ಕೆಲಸವು ಪಟ್ಟಣದ ರೋಗಿಗಳ ಮನೆಗಳಿಗೂ ಬಡ ಕುಟುಂಬಗಳಿಗೂ ವಿಸ್ತರಿಸಿತು. ಮಕ್ಕಳಿಗೆ ಅಕ್ಷರ ಕಲಿಸಲು ತಮ್ಮ ಕೈಯಿಂದ ಹಣಕೊಟ್ಟು ಏರ್ಪಾಡು ಮಾಡಿದರು. ಜಾನ್ ಇದನ್ನು ಸ್ವಂತ ಇಷ್ಟದಂತೆ ನಡಿಸಲಿಲ್ಲ. ತಂದೆಗೆ ಪತ್ರ ಬರೆದು ಆಲೋಚನೆ ಕೇಳಿದರು, ಬಿಷಪರ ಒಪ್ಪಿಗೆಯನ್ನೂ ಪಡೆದರು. ಮಾರ್ಗನನು 1732ರಲ್ಲಿ ಎಳೆಯ ಪ್ರಾಯದಲ್ಲಿಯೇ ತೀರಿಹೋದನು. ಆದರೆ ಅವನು ಹಚ್ಚಿದ ದೀಪ ಆರಲಿಲ್ಲ.

ಇದೇ ಕಾಲದ ಒಂದು ಸಂಗತಿಯನ್ನು ವೆಸ್ಲಿಯವರು ಮುಪ್ಪಿನಲ್ಲಿಯೂ ಮರೆತಿರಲಿಲ್ಲ. ತಮ್ಮ ಕೋಣೆಯ ಗೋಡೆಗೆ ಚಿತ್ರಗಳನ್ನು ಕೊಂಡು ತೂಗುಹಾಕಿದ ಮೇಲೆ, ಚಳಿಗಾಲದಲ್ಲಿ ಒಬ್ಬ ಬಡ ಹುಡುಗಿಯು ತೆಳ್ಳನೆಯ ಬಟ್ಟೆಯುಟ್ಟು ಬಂದು ನಿಂತಳು. ಅವಳಿಗೆ ಬೆಚ್ಚನೆಯ ಬಟ್ಟೆಗೆ ಹಣ ಕೊಡಬೇಕೆಂದು ಕೈಹಾಕಿದರೆ ಜೇಬಿನಲ್ಲಿ ಉಳಿದದ್ದು ಸ್ವಲ್ಪವೇ. ಗೋಡೆಯ ಚಿತ್ರಗಳು ಆ ಹುಡುಗಿಯ ರಕ್ತವಲ್ಲವೋ ಎಂದು ಅವರ ಮನಸ್ಸು ಅವರನ್ನು ಚುಚ್ಚಿತು. ಅಂದಿನಿಂದ ಖರ್ಚಿಗೆ ಒಂದು ಮಿತಿ ಹಾಕಿಕೊಂಡರು. ವರುಷಕ್ಕೆ 30 ಪೌಂಡ್ ವರಮಾನವಿದ್ದಾಗ 28 ಪೌಂಡಿನಲ್ಲಿ ಜೀವಿಸಿ 2 ಪೌಂಡ್ ದಾನಮಾಡಿದರು. ವರಮಾನವು 60 ಆದಾಗಲೂ, 90 ಆದಾಗಲೂ, 120 ಆದಾಗಲೂ ಅದೇ 28 ಪೌಂಡಿನಲ್ಲಿ ಜೀವಿಸಿ ಉಳಿದದ್ದನ್ನು ಬಡವರಿಗೆ ಕೊಟ್ಟರು.

ಆದರೂ ಈ ಎಲ್ಲಾ ಸತ್ಕಾರ್ಯಗಳ ನಡುವೆ ಅವರ ಆತ್ಮಕ್ಕೆ ಸಮಾಧಾನವಿರಲಿಲ್ಲ. 1735ರಲ್ಲಿ ಅಮೇರಿಕದ ಜಾರ್ಜಿಯಕ್ಕೆ ಸೇವೆಗಾಗಿ ಹೋದರು; ಅಲ್ಲಿ ಕೆಲಸವು ಕೈಗೂಡದೆ 1738ರಲ್ಲಿ ಕುಗ್ಗಿದ ಮನಸ್ಸಿನಿಂದ ಹಿಂತಿರುಗಿದರು. ಅದೇ ವರುಷದ ಮೇ 24ರ ಸಂಜೆ ಲಂಡನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಕ್ರಿಸ್ತನ ಮೇಲಣ ನಂಬಿಕೆಯಿಂದ ಮಾತ್ರವೇ ತನಗೆ ರಕ್ಷಣೆಯೆಂಬ ನಿಶ್ಚಯವು ಅವರಿಗೆ ದೊರಕಿತು. ವಾಚಕರು ಇದನ್ನು ಗಮನಿಸಬೇಕು. ಅಲ್ಲಿಯ ವರೆಗೆ ಬಡವರ ಮನೆಗೆ ಹೋಗುವದು ಪರಲೋಕಕ್ಕೆ ಏರುವ ಮೆಟ್ಟಲಿನಂತೆ ಅವರಿಗಿತ್ತು. ಆ ಮೇಲೆ ಅದು ದೊರೆತ ಕೃಪೆಗೆ ಫಲವಾಯಿತು. ಪುಣ್ಯ ಸಂಪಾದಿಸಲು ಹೋಗುವವನ ಕಣ್ಣು ತನ್ನ ಮೇಲೆಯೇ ಇರುತ್ತದೆ; ಕೃಪೆ ಪಡೆದು ಹೋಗುವವನ ಕಣ್ಣು ಆ ಮನೆಯವರ ಮೇಲಿರುತ್ತದೆ.

1739ರ ಏಪ್ರಿಲ್ ತಿಂಗಳಲ್ಲಿ ಬ್ರಿಸ್ಟಲ್ ಪಟ್ಟಣದ ಬಳಿ ಅವರು ಬಯಲಲ್ಲಿ ಸಾರಲಾರಂಭಿಸಿದರು. ಹತ್ತಿರದ ಕಿಂಗ್ಸ್‌ವುಡ್‌ನ ಕಲ್ಲಿದ್ದಲ ಗಣಿಯ ಕೂಲಿಗಳು ಗುಂಪುಗುಂಪಾಗಿ ಬಂದು ಕೇಳಿದರು. ಶಹಾಬಾದಿನ ಹಾಸುಗಲ್ಲಿನ ಗಣಿಗಳಲ್ಲಿ ದುಡಿದು ಮೈಯೆಲ್ಲಾ ಧೂಳಾಗಿ ಮನೆಗೆ ಬರುವವರನ್ನು ಕಂಡ ನಮ್ಮ ವಾಚಕರಿಗೆ ಆ ಜನರ ಬಾಳು ಎಂಥದೆಂದು ವಿವರಿಸಬೇಕಾಗಿಲ್ಲ. ಬ್ರಿಸ್ಟಲಿನಲ್ಲಿ ಒಂದು ಕೂಟದ ಮನೆಯನ್ನು ಕಟ್ಟಿದರು. ಲಂಡನಿನಲ್ಲಿ ಫಿರಂಗಿಗಳನ್ನು ಎರಕಹೊಯ್ಯುತ್ತಿದ್ದ ಒಂದು ಪಾಳು ಕಟ್ಟಡವನ್ನು ಕೊಂಡು ದುರಸ್ತಿಮಾಡಿದರು. ಅದಕ್ಕೆ ಫೌಂಡರಿ ಎಂದೇ ಹೆಸರು ಉಳಿಯಿತು.

ಸಂಘದಲ್ಲಿ ಸೇರಿದವರು ಹೆಚ್ಚಾಗಿ ಬಡವರು. 1741ರ ಮೇ 7ರಂದು ಲಂಡನಿನ ಸಂಘದವರಿಗೆ ವೆಸ್ಲಿಯವರು ತಿಳಿಸಿದ್ದೇನಂದರೆ, ನಮ್ಮಲ್ಲಿ ಅನೇಕರಿಗೆ ಊಟವಿಲ್ಲ, ಅನೇಕರಿಗೆ ಬಟ್ಟೆಯಿಲ್ಲ, ಅನೇಕರು ತಮ್ಮ ತಪ್ಪಿಲ್ಲದೆ ಕೆಲಸ ಕಳಕೊಂಡಿದ್ದಾರೆ, ಅನೇಕರು ಕಾಯಿಲೆಯಿಂದ ಸಾಯುವ ಸ್ಥಿತಿಯಲ್ಲಿದ್ದಾರೆ. ಆದಕಾರಣ ಒಬ್ಬೊಬ್ಬರೂ ತಮಗೆ ಹೆಚ್ಚಾದ ಬಟ್ಟೆಗಳನ್ನು ತರಬೇಕು. ವಾರಕ್ಕೆ ಒಂದು ಪೆನ್ನಿಯನ್ನಾಗಲಿ ಕೈಲಾದದ್ದನ್ನಾಗಲಿ ಕೊಡಬೇಕು. ಕೆಲಸವಿಲ್ಲದ ಹೆಂಗಸರಿಗೆ ಹೆಣಿಗೆಯ ಕೆಲಸ ಕೊಟ್ಟು, ವಾಡಿಕೆಯ ಕೂಲಿಯನ್ನೂ ಅದರ ಮೇಲೆ ಕೊರತೆಗೆ ತಕ್ಕಷ್ಟನ್ನೂ ಕೊಡಬೇಕು. ಇದನ್ನು ನೋಡಿಕೊಳ್ಳಲು 12 ಮಂದಿ ನೇಮಕವಾದರು. ತಮ್ಮ ತಮ್ಮ ಭಾಗದ ರೋಗಿಗಳನ್ನು ದಿನ ಬಿಟ್ಟು ದಿನ ನೋಡುವದೂ ಮಂಗಳವಾರ ಸಂಜೆ ಕೂಡಿಬಂದು ಲೆಕ್ಕ ಒಪ್ಪಿಸುವದೂ ಅವರ ಕರ್ತವ್ಯವಾಗಿತ್ತು.

ಮಾರನೆಯ ವರುಷ ಬ್ರಿಸ್ಟಲಿನಲ್ಲಿ ನಡೆದ ಸಂಗತಿಯು ಹೆಚ್ಚು ಪ್ರಸಿದ್ಧ. ಕೂಟದ ಮನೆ ಕಟ್ಟಿದ ಸಾಲವು ತೀರಿರಲಿಲ್ಲ. 1742ರ ಫೆಬ್ರವರಿ 15ರಂದು ಹಿರಿಯರು ಕೂಡಿ ಆಲೋಚಿಸಿದರು. ಸಾಲ ತೀರುವ ವರೆಗೆ ಒಬ್ಬೊಬ್ಬ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಲೆಂದು ಕ್ಯಾಪ್ಟನ್ ಫಾಯ್ ಎಂಬವನು ಸೂಚಿಸಿದನು. ಅನೇಕರು ಬಡವರು, ಅದನ್ನೂ ಕೊಡಲಾರರು ಎಂದು ಒಬ್ಬನು ಆಕ್ಷೇಪಿಸಿದನು. ಅದಕ್ಕೆ ಫಾಯ್ ಎಂಬವನು ಹನ್ನೊಂದು ಮಂದಿ ಕಡುಬಡವರನ್ನು ತನಗೆ ಒಪ್ಪಿಸಬೇಕೆಂದೂ, ಪ್ರತಿವಾರ ಅವರ ಬಳಿಗೆ ಹೋಗುವೆನೆಂದೂ, ಅವರು ಕೊಡಲಾರದೆ ಹೋದರೆ ಅವರ ಪಾಲನ್ನೂ ತಾನೇ ಕೊಡುವೆನೆಂದೂ ಹೇಳಿದನು. ಇತರರೂ ಅದೇ ಪ್ರಕಾರ ಒಪ್ಪಿದರು. ಹೀಗೆ ಹನ್ನೆರಡು ಹನ್ನೆರಡು ಮಂದಿಯ ಗುಂಪುಗಳೂ ಒಂದೊಂದು ಗುಂಪಿಗೆ ಒಬ್ಬ ನಾಯಕನೂ ಏರ್ಪಟ್ಟರು.

ಹಣ ಕೂಡಿಸಲು ಹೋದವರು ಹಣಕ್ಕಿಂತ ದೊಡ್ಡದೊಂದನ್ನು ಕಂಡರು. ಬಾಗಿಲು ತೆರೆದಾಗ ಒಳಗೆ ಗಂಡಹೆಂಡಿರ ಜಗಳ ಕೇಳಿಸಿತು; ಮತ್ತೊಂದು ಮನೆಯಲ್ಲಿ ಕುಡಿದು ಬಿದ್ದಿದ್ದವನನ್ನು ಕಂಡರು. ಭಾನುವಾರದ ಕೂಟದಲ್ಲಿ ಯಾರಿಗೂ ತಿಳಿಯದ ಸಂಗತಿಗಳು ವಾರದ ದಿನದ ಬಾಗಿಲಲ್ಲಿ ತಿಳಿದುಬಂದವು. ನಾಯಕರು ಇದನ್ನು ವೆಸ್ಲಿಯವರಿಗೆ ಹೇಳಿದಾಗ, ಬಹುಕಾಲದಿಂದ ತಾವು ಹುಡುಕುತ್ತಿದ್ದ ಉಪಾಯ ಇದೇ ಎಂದು ಅವರಿಗೆ ಹೊಳೆಯಿತು. ನಾಯಕರು ಹಣದ ಸಂಗಡ ಆತ್ಮಗಳ ಯೋಗಕ್ಷೇಮವನ್ನೂ ವಿಚಾರಿಸಬೇಕೆಂದು ಕೇಳಿಕೊಂಡರು. ಲಂಡನಿನಲ್ಲಿಯೂ ಬೇರೆ ಊರುಗಳಲ್ಲಿಯೂ ಇದೇ ಕ್ರಮವು ಸ್ಥಾಪಿತವಾಯಿತು.

ಆದರೆ ಸ್ವಲ್ಪ ಕಾಲದಲ್ಲಿಯೇ ತೊಂದರೆಗಳು ಕಾಣಿಸಿಕೊಂಡವು. ಮನೆಮನೆ ತಿರುಗುವಷ್ಟು ಬಿಡುವು ನಾಯಕರಿಗೆ ಇರಲಿಲ್ಲ, ಅವರೂ ದುಡಿದುಣ್ಣುವವರೇ. ಕೆಲವು ಸದಸ್ಯರು ಯಜಮಾನರ ಮನೆಯಲ್ಲಿ ಆಳುಗಳಾಗಿದ್ದರು. ಆ ಯಜಮಾನರು ಇವರನ್ನು ಒಳಗೆ ಬಿಡುತ್ತಿರಲಿಲ್ಲ. ಬಿಟ್ಟರೂ ಇತರರ ಮುಂದೆ ಮನಸ್ಸು ಬಿಚ್ಚಿ ಮಾತಾಡುವ ಹಾಗಿರಲಿಲ್ಲ. ಒಬ್ಬನು ಹೇಳಿದ್ದನ್ನು ಇನ್ನೊಬ್ಬನು ಅಲ್ಲಗಳೆದರೆ ಸತ್ಯ ಯಾವದೆಂದು ತಿಳಿಯುತ್ತಿರಲಿಲ್ಲ. ಆದದರಿಂದ ಹನ್ನೆರಡು ಮಂದಿಯೂ ವಾರಕ್ಕೊಮ್ಮೆ ಒಂದೇ ಸ್ಥಳದಲ್ಲಿ ಕೂಡಿಬರಲೆಂದು ನಿಶ್ಚಯವಾಯಿತು. ಮೆಥೊಡಿಸ್ಟ್ ಸಭೆಯಲ್ಲಿ ಪ್ರಸಿದ್ಧವಾದ ವರ್ಗಕೂಟವು ಹೀಗೆ ಹುಟ್ಟಿತು. ಅದರಿಂದ ಅಪಾರವಾದ ಮೇಲುಂಟಾಯಿತು. ಆದರೆ ಕೂಟಕ್ಕೆ ಬರಬಲ್ಲವನಿಗೆ ಕೂಟವು ಸಾಕು. ಹಾಸಿಗೆ ಹಿಡಿದವನೂ ಬಾಣಂತಿಯೂ ಮುದುಕಿಯೂ ಏನು ಮಾಡಬೇಕು?

ಈ ಪ್ರಶ್ನೆಯು ಲಂಡನಿನಲ್ಲಿ ಎದ್ದಿತು. ರೋಗಿಗಳನ್ನು ನೋಡುವ ಭಾರವು ಸಂಘದ ಸ್ಟೂವರ್ಡರ ಮೇಲಿತ್ತು. ಅವರು ವ್ಯಾಪಾರದಲ್ಲಿದ್ದವರು, ಪಟ್ಟಣವೋ ದೊಡ್ಡದು. ಕಾಯಿಲೆಯ ಸುದ್ದಿ ಇವರ ಕಿವಿಗೆ ಬೀಳುವಷ್ಟರಲ್ಲಿ ಕೆಲವರು ಸಾವಿನ ಬಾಗಿಲಲ್ಲಿರುತ್ತಿದ್ದರು. ವೆಸ್ಲಿಯವರು ಸಂಘದವರೆಲ್ಲರ ಮುಂದೆ ಈ ಮಾತನ್ನು ಇಟ್ಟು, ಶಕ್ತಿಯೂ ಮನಸ್ಸೂ ಉಳ್ಳವರು ಮುಂದೆ ಬರಲೆಂದು ಕೇಳಿದರು. ಮಾರನೆಯ ಬೆಳಿಗ್ಗೆ ಅನೇಕರು ಸ್ವ ಇಷ್ಟದಿಂದ ಬಂದರು. ಅವರಲ್ಲಿ ಕನಿಕರವೂ ಪ್ರೀತಿಯೂ ಹೆಚ್ಚೆಂದು ಕಂಡ 46 ಮಂದಿಯನ್ನು ಆರಿಸಿ, ಪಟ್ಟಣವನ್ನು 23 ಭಾಗಗಳನ್ನಾಗಿ ಮಾಡಿ, ಭಾಗಕ್ಕೆ ಇಬ್ಬರಂತೆ ನೇಮಿಸಿದರು. ಇವರಿಗೆ ರೋಗಿ ಸಂದರ್ಶಕರೆಂದು ಹೆಸರಾಯಿತು. 1748ರಲ್ಲಿ ವೆಸ್ಲಿಯವರು ತಮ್ಮ ಸಂಘಗಳ ವಿಷಯವಾಗಿ ಬರೆದ ವಿವರಣೆಯಲ್ಲಿ ಈ ಏರ್ಪಾಡಿನ ವಿವರವೆಲ್ಲಾ ಇದೆ.

ಸಂದರ್ಶಕರ ಕೆಲಸವೇನಂದರೆ, ತಮ್ಮ ಭಾಗದ ಒಬ್ಬೊಬ್ಬ ರೋಗಿಯನ್ನು ವಾರಕ್ಕೆ ಮೂರು ಸಾರಿ ನೋಡುವದು, ಅವರ ಆತ್ಮದ ಸ್ಥಿತಿಯನ್ನು ವಿಚಾರಿಸಿ ಬುದ್ಧಿಹೇಳುವದು, ರೋಗವೇನೆಂದು ತಿಳಿದು ವೈದ್ಯಸಲಹೆ ದೊರಕಿಸುವದು, ಕೊರತೆಯಿದ್ದರೆ ಸಹಾಯಮಾಡುವದು, ತಮ್ಮಿಂದಾಗುವ ಯಾವ ಕೆಲಸವನ್ನಾದರೂ ಮಾಡುವದು, ವಾರವಾರ ಲೆಕ್ಕವನ್ನು ಸ್ಟೂವರ್ಡರಿಗೆ ಒಪ್ಪಿಸುವದು. ಅವರಿಗೆ ನಾಲ್ಕೇ ನಿಯಮಗಳಿದ್ದವು. ಆತ್ಮದ ವಿಷಯದಲ್ಲಿ ಮರೆಮಾಚದೆ ಸರಳವಾಗಿ ಮಾತಾಡಬೇಕು. ಸೌಮ್ಯತೆಯೂ ಕೋಮಲತೆಯೂ ತಾಳ್ಮೆಯೂ ಇರಬೇಕು. ರೋಗಿಗಾಗಿ ಮಾಡುವ ಎಲ್ಲದರಲ್ಲಿಯೂ ಶುಚಿಯಾಗಿರಬೇಕು. ಹೇಸಿಕೆಪಡಬಾರದು. ಈ ಕೊನೆಯ ಎರಡನ್ನು ನಮ್ಮ ದೇಶದವರು ಎರಡು ಸಾರಿ ಓದಬೇಕು. ಮುಟ್ಟಬಾರದವರೆಂದು ಎಣಿಸಿ ಮನುಷ್ಯನನ್ನು ಮನುಷ್ಯನು ದೂರವಿಟ್ಟ ನಾಡಿನಲ್ಲಿ, ರೋಗಿಯ ಹಾಸಿಗೆಯನ್ನು ಮುಟ್ಟಿ ಶುಚಿಮಾಡುವ ಕೈಯೇ ಒಂದು ಪ್ರಸಂಗವಾಗಿದೆ.

ಮನೆಗಳ ಒಳಗೆ ಹೋದದ್ದರಿಂದ ಬೇರೆ ಕೊರತೆಗಳೂ ತಿಳಿದವು. ಒಂದೊಂದು ಕೊರತೆಯಿಂದ ಒಂದೊಂದು ಸೇವೆ ಹುಟ್ಟಿತು. ವೈದ್ಯರಿಗೆ ಕೊಡಲು ಹಣವಿಲ್ಲದೆ ಬಡವರು ನರಳುವದನ್ನು ಕಂಡು, ಔಷಧ ಬಲ್ಲವನೊಬ್ಬನನ್ನೂ ಶಸ್ತ್ರವೈದ್ಯನೊಬ್ಬನನ್ನೂ ಸಹಾಯಕ್ಕೆ ತೆಗೆದುಕೊಂಡು 1746ರಲ್ಲಿ ಉಚಿತವಾಗಿ ಔಷಧ ಕೊಡಲಾರಂಭಿಸಿದರು. ಐದು ತಿಂಗಳಲ್ಲಿ 500ಕ್ಕೂ ಹೆಚ್ಚು ಮಂದಿಗೆ ಔಷಧವು ದೊರಕಿತು. ಸಂಘದವರಲ್ಲದವರಿಗೂ ಕೊಟ್ಟರು. ಕಠಿಣವಾದ ರೋಗಗಳನ್ನು ತಾವು ಮುಟ್ಟದೆ ವೈದ್ಯರಿಗೇ ಬಿಟ್ಟರು. 1747ರಲ್ಲಿ ಬಡವರಿಗೋಸ್ಕರ ಮನೆಮದ್ದಿನ ಪುಸ್ತಕವನ್ನೂ ಅಚ್ಚುಹಾಕಿಸಿದರು. ಅದರಲ್ಲಿಯ ಅನೇಕ ಔಷಧಗಳು ಆ ಕಾಲದ ತಿಳುವಳಿಕೆಗೆ ತಕ್ಕವು, ಇಂದು ಅನುಸರಿಸತಕ್ಕವುಗಳಲ್ಲ. ಆದರೆ ಬಡವನ ನೋವನ್ನು ನೋಡಿ ಸುಮ್ಮನೆ ಇರಲಾರೆನೆಂಬ ಆ ಮನಸ್ಸು ಹಳತಾಗುವಂಥದಲ್ಲ.

ದಿಕ್ಕಿಲ್ಲದ ವಿಧವೆಯರಿಗಾಗಿ ಎರಡು ಚಿಕ್ಕ ಮನೆಗಳನ್ನು ಹಿಡಿದರು. ಅಲ್ಲಿ 9 ವಿಧವೆಯರೂ ಒಬ್ಬ ಕುರುಡಿಯೂ ಇಬ್ಬರು ಬಡ ಮಕ್ಕಳೂ ಇದ್ದರು. ವೆಸ್ಲಿಯವರೂ ಪಟ್ಟಣದಲ್ಲಿದ್ದ ಬೋಧಕರೂ ಅದೇ ಮೇಜಿನಲ್ಲಿ ಅದೇ ಆಹಾರವನ್ನು ಉಣ್ಣುತ್ತಿದ್ದರು. ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳಿಗೆ ಶಾಲೆಯನ್ನು ತೆರೆದರು.

ಸಾಲದ ಬಾಧೆಯನ್ನು ಬಾಲ್ಯದಲ್ಲಿಯೇ ಕಂಡವರಾದ್ದರಿಂದ, ಬಡ್ಡಿಯ ಕೈಯಿಂದ ಬಡವರನ್ನು ಬಿಡಿಸಲು ಒಂದು ಸಾಲದ ನಿಧಿಯನ್ನು ಕೂಡಿಸಿದರು. ಮೊದಲು ಕೂಡಿದ್ದು 30 ಪೌಂಡಿಗೆ ಸ್ವಲ್ಪ ಹೆಚ್ಚು. ಒಬ್ಬರಿಗೆ 20 ಷಿಲ್ಲಿಂಗಿಗಿಂತ, ಅಂದರೆ ಒಂದು ಪೌಂಡಿಗಿಂತ, ಹೆಚ್ಚು ಕೊಡುತ್ತಿರಲಿಲ್ಲ. ಅದನ್ನು ವಾರವಾರ ಸ್ವಲ್ಪಸ್ವಲ್ಪವಾಗಿ ಮೂರು ತಿಂಗಳೊಳಗೆ ತೀರಿಸಬೇಕಾಗಿತ್ತು. ಬಂದ ಹಣವು ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಹೀಗೆ ಆ ಅಲ್ಪ ಮೊತ್ತದಿಂದ ಒಂದೂವರೆ ವರುಷದಲ್ಲಿ 255 ಮಂದಿಗೆ ಸಹಾಯವಾಯಿತು. ನಮ್ಮ ಹಳ್ಳಿಗಳ ಸ್ತ್ರೀಶಕ್ತಿ ಸಂಘಗಳಲ್ಲಿ ವಾರದ ಉಳಿತಾಯ ಕೂಡಿಸಿ ಒಬ್ಬರಾದ ಮೇಲೊಬ್ಬರು ಸಾಲ ಪಡೆಯುವ ತಾಯಂದಿರಿಗೆ ಈ ಲೆಕ್ಕವು ಸುಲಭವಾಗಿ ತಿಳಿಯುವದು.

ಇಷ್ಟೆಲ್ಲಾ ಮಾಡಿದರೂ ದಾನದಿಂದಲೇ ಎಲ್ಲವೂ ಸರಿಹೋಗುವದೆಂದು ವೆಸ್ಲಿಯವರು ಎಣಿಸಲಿಲ್ಲ. ದೇಶದಲ್ಲಿ ಧಾನ್ಯದ ಬೆಲೆ ಏರಿ ಬಡವರು ಹಸಿವೆಯಿಂದ ಸಾಯುತ್ತಿದ್ದಾಗ, 1773ರಲ್ಲಿ ಅದರ ಕಾರಣಗಳನ್ನು ಕುರಿತು ಒಂದು ಪುಸ್ತಿಕೆಯನ್ನು ಪ್ರಕಟಿಸಿದರು. ರೊಟ್ಟಿಯಾಗಬೇಕಾದ ಧಾನ್ಯವು ಸಾರಾಯಿಯಾಗುವದನ್ನೂ, ಐಶ್ವರ್ಯವಂತರ ಭೋಗವನ್ನೂ, ಸಣ್ಣ ಹೊಲಗಳು ದೊಡ್ಡವರ ಪಾಲಾಗುವದನ್ನೂ, ತೆರಿಗೆಯ ಭಾರವನ್ನೂ ಅದರಲ್ಲಿ ಖಂಡಿಸಿದರು. ಮನೆಯೊಳಗಿನ ಹಸಿವೆಯನ್ನು ಕಣ್ಣಾರೆ ಕಂಡವರು ಅದರ ಮೂಲವನ್ನೂ ಕೇಳದೆ ಇರಲಾರರು. ಬಡವರು ಸೋಮಾರಿಗಳಾದದರಿಂದಲೇ ಬಡವರಾಗಿದ್ದಾರೆಂಬ ಮಾತನ್ನು ಅವರು ಸುಳ್ಳೆಂದು ಸ್ಪಷ್ಟವಾಗಿ ಬರೆದಿದ್ದರು. ಅಷ್ಟು ಧೈರ್ಯದಿಂದ ಬರೆಯಲು ಕಾರಣ, ಅವರು ನೆಲಮಾಳಿಗೆಗಳಿಗೂ ಅಟ್ಟಗಳಿಗೂ ತಾವೇ ಹೋಗಿ ಕಂಡಿದ್ದರು.

1786ರಲ್ಲಿ ಬರೆದ ಒಂದು ಪ್ರಸಂಗದಲ್ಲಿ ಅವರು ರೋಗಿಗಳ ಸಂದರ್ಶನವನ್ನೇ ವಿಷಯವಾಗಿ ತೆಗೆದುಕೊಂಡರು. ಹಣವನ್ನು ಇನ್ನೊಬ್ಬರ ಕೈಯಲ್ಲಿ ಕಳುಹಿಸಿ ಸುಮ್ಮನಿರುವದು ಸಾಲದು. ತಾನೇ ಹೋಗದವನಿಗೆ ಕನಿಕರವು ಬೆಳೆಯುವದಿಲ್ಲವೆಂಬದು ಅದರ ಸಾರ. ಈ ಕೆಲಸವು ಧನಿಕರಿಗೂ ಬಡವರಿಗೂ ಮುದುಕರಿಗೂ ಯೌವನಸ್ಥರಿಗೂ ಸೇರಿದ್ದು. ವಿಶೇಷವಾಗಿ ಸ್ತ್ರೀಯರು ಇದರಿಂದ ಹಿಂದೆಗೆಯಬಾರದು. ಅವರು ನೋಟಕ್ಕಾಗಿ ಇಟ್ಟ ಬೊಂಬೆಗಳಲ್ಲ, ಪುರುಷರಂತೆಯೇ ದೇವರ ಸ್ವರೂಪದಲ್ಲಿ ಉಂಟುಮಾಡಲ್ಪಟ್ಟವರೆಂದು ಬೋಧಿಸಿದರು. ಹೆಂಗಸರಿಗೆ ಸಭೆಯಲ್ಲಿ ಬಾಯಿಲ್ಲದ ಆ ಕಾಲದಲ್ಲಿ ಇದು ದೊಡ್ಡ ಮಾತು.

ಅವರು ಬೋಧಿಸಿದಂತೆಯೇ ನಡೆದರು. 1785ರ ಜನವರಿಯಲ್ಲಿ ಅವರ ಪ್ರಾಯವು 81. ಸಂಘದ ಬಡವರಿಗೆ ಇದ್ದಲು ಮತ್ತು ರೊಟ್ಟಿ ಹಂಚುವದು ವಾಡಿಕೆ; ಆ ವರುಷ ಅವರಿಗೆ ಬಟ್ಟೆಯೂ ಬೇಕೆಂದು ಕಂಡುಬಂತು. ಆ ಮುದುಕರು ಕರಗುವ ಹಿಮದಲ್ಲಿ ಪಾದ ಹುಗಿಯುತ್ತಿದ್ದರೂ ಐದು ದಿನ ಬೆಳಿಗ್ಗೆಯಿಂದ ಸಂಜೆಯ ವರೆಗೆ ಲಂಡನಿನ ಬೀದಿಗಳಲ್ಲಿ ನಡೆದು, ಬಾಗಿಲುಬಾಗಿಲಿಗೆ ಬೇಡಿ, 200 ಪೌಂಡ್ ಕೂಡಿಸಿದರು. ಕೊನೆಯಲ್ಲಿ ಕಠಿಣವಾದ ಭೇದಿಯಿಂದ ಹಾಸಿಗೆ ಹಿಡಿದರು.

ಅದೇ ವರುಷಗಳಲ್ಲಿ ಲಂಡನಿನ ಕೆಲವು ಮೆಥೊಡಿಸ್ಟರು ವಾರಕ್ಕೆ ಕೆಲವು ಕಾಸು ಕೂಡಿಸಿ, ಊರಿಗೆ ಹೊಸಬರಾಗಿ ಬಂದು ಕಾಯಿಲೆ ಬಿದ್ದ ದಿಕ್ಕಿಲ್ಲದವರನ್ನು ಹುಡುಕಿ ನೋಡಲು ಪರದೇಶಿಗಳ ಮಿತ್ರಸಂಘವನ್ನು ಸ್ಥಾಪಿಸಿದರು. 1786ರಲ್ಲಿ ಬ್ರಿಸ್ಟಲಿನಲ್ಲಿಯೂ ಅಂಥದೊಂದು ಆರಂಭವಾಯಿತು. ಅದರ ವಿಶೇಷವೇನಂದರೆ, ಆ ಹಣವು ಮೆಥೊಡಿಸ್ಟರಿಗಲ್ಲ, ಹೊರಗಿನವರಿಗೆ ಮಾತ್ರ. ತನ್ನವರನ್ನು ನೋಡಿಕೊಳ್ಳುವ ಸಭೆಯು ಕುಟುಂಬದಂತಿರುವದು. ಪರರನ್ನೂ ನೋಡಿಕೊಳ್ಳುವ ಸಭೆಯು ಸಮಾರ್ಯದವನಂತಿರುವದು. ವೆಸ್ಲಿಯವರು ಇದನ್ನು ಸಂತೋಷದಿಂದ ಪ್ರೋತ್ಸಾಹಿಸಿದರು.

ಮರಣಕ್ಕೆ ಒಂದು ವಾರ ಮುಂಚೆ ಅವರು ಬರೆದ ಪತ್ರವು ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್ ಅವರಿಗೆ ಧೈರ್ಯಕೊಡುವಂಥಾದ್ದು. 1791ರ ಮಾರ್ಚ್ 2ರಂದು 87 ವರುಷದವರಾಗಿ ಕರ್ತನಲ್ಲಿ ನಿದ್ರೆಹೋದರು. ಶವಕ್ಕೆ ಆಡಂಬರವಾದ ಬಂಡಿ ಬೇಡವೆಂದೂ, ಆರು ಮಂದಿ ಬಡವರು ಅದನ್ನು ಹೊರಲೆಂದೂ, ಅವರಿಗೆ ತಲಾ 20 ಷಿಲ್ಲಿಂಗ್ ಕೊಡಬೇಕೆಂದೂ ಮರಣಪತ್ರದಲ್ಲಿ ಬರೆದಿಟ್ಟಿದ್ದರು. ಬಡವರ ಬಾಗಿಲುಗಳಿಗೆ ನಡೆದ ಪಾದಗಳನ್ನು ಕೊನೆಗೆ ಬಡವರೇ ಹೊತ್ತರು.

ಅವರು ಬಿತ್ತಿದ ಬೀಜವು ಅನೇಕ ಹೊಲಗಳಲ್ಲಿ ಬೆಳೆಯಿತು. ಸ್ಕಾಟ್ಲೆಂಡಿನ ಗ್ಲಾಸ್ಗೊ ಪಟ್ಟಣದಲ್ಲಿ ಪ್ರೆಸ್ಬಿಟೇರಿಯನ್ ಬೋಧಕರಾದ ಥಾಮಸ್ ಚಾಲ್ಮರ್ಸ್ ಅವರು 1819ರಿಂದ ಒಂದು ಬಡ ಪ್ರಾಂತವನ್ನು 25 ಭಾಗಗಳನ್ನಾಗಿ ಮಾಡಿ, ಸಂಬಳವಿಲ್ಲದ ಸಭಾಸೇವಕರನ್ನು ಮನೆಮನೆಗೆ ಕಳುಹಿಸಿದರು. ನಮ್ಮ ದೇಶಕ್ಕೆ 1870ರಲ್ಲಿ ಮೆಥೊಡಿಸ್ಟ್ ಸ್ತ್ರೀಯರ ಸಂಘದಿಂದ ಇಸಬೆಲ್ಲಾ ಥೋಬರ್ನ್ ಅಮ್ಮನವರೂ ವೈದ್ಯೆಯಾದ ಕ್ಲಾರಾ ಸ್ವೇನ್ ಅಮ್ಮನವರೂ ಬಂದರು. ಪರದೆಯ ಹಿಂದಿದ್ದ ಸ್ತ್ರೀಯರು ಆಸ್ಪತ್ರೆಗೆ ಬರಲಾರದೆ ಇದ್ದಾಗ ಸ್ವೇನ್ ಅಮ್ಮನವರು ಬರೇಲಿ ಪಟ್ಟಣದಲ್ಲಿ ಅವರ ಮನೆಗಳಿಗೇ ಹೋದರು. ಬೈಬಲ್ ಸ್ತ್ರೀಯರೆಂದು ನಮ್ಮ ಹಿರಿಯರು ಕರೆಯುತ್ತಿದ್ದ ತಾಯಂದಿರು ಕೈಯಲ್ಲಿ ಪುಸ್ತಕ ಹಿಡಿದು ಓಣಿಓಣಿ ತಿರುಗಿದ್ದೂ ಇದೇ ದಾರಿಯಲ್ಲಿ. ಸಮೀಪಕಾಲದಲ್ಲಿ, 1973ರಲ್ಲಿ, ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿ ಮಾರ್ಗರೆಟ್ ಹ್ಯಾರಿಸನ್ ಎಂಬವರು ಹೋಮ್ ಸ್ಟಾರ್ಟ್ ಎಂಬ ಸೇವೆಯನ್ನು ಸ್ಥಾಪಿಸಿದರು. ಚಿಕ್ಕ ಮಕ್ಕಳಿದ್ದು ಕಷ್ಟದಲ್ಲಿರುವ ಕುಟುಂಬಕ್ಕೆ, ಮಕ್ಕಳನ್ನು ಸಾಕಿದ ಅನುಭವವುಳ್ಳ ಒಬ್ಬರು ವಾರವಾರ ಸ್ನೇಹಿತರಾಗಿ ಹೋಗಿ ಜೊತೆಗೆ ಕೂತುಕೊಳ್ಳುವದೇ ಅದರ ಕ್ರಮ. ನಮ್ಮ ಸರಕಾರವು 2005ರಲ್ಲಿ ಆರಂಭಿಸಿದ ಗ್ರಾಮೀಣ ಆರೋಗ್ಯ ಯೋಜನೆಯ ಮೂಲಕ ಹಳ್ಳಿಹಳ್ಳಿಗೆ ಆಶಾ ಕಾರ್ಯಕರ್ತೆಯರು ಬಂದರು. ಬಾಣಂತಿ ಆಸ್ಪತ್ರೆಯಲ್ಲಿ ಹೆತ್ತು ಮನೆಗೆ ಬಂದರೆ 42 ದಿನಗಳೊಳಗೆ ಆರು ಸಾರಿ ಆಶಾ ತಾಯಿಯು ಹೋಗಿ ತಾಯಿಮಗುವನ್ನು ನೋಡಬೇಕೆಂಬ ನಿಯಮವುಂಟು. ಮನೆಗೆ ಹೋಗಿ ನೋಡುವದರಲ್ಲಿ ಜೀವ ಉಳಿಸುವ ಬಲವಿದೆಯೆಂದು ಲೋಕವು ಒಪ್ಪಿಕೊಂಡಿದೆ.

ಹೀಗಿರಲಾಗಿ, ಪ್ರಿಯರೇ, ನಮ್ಮ ಸಭೆಗಳ ಸ್ಥಿತಿಯನ್ನು ಸ್ವಲ್ಪ ಆಲೋಚಿಸೋಣ. ತೊಗರಿಯ ರಾಶಿ ಮುಗಿದ ಮೇಲೆ ಎಷ್ಟೋ ಮನೆಯವರು ಮುಂಬಯಿಗೂ ಪುಣೆಗೂ ಹೈದರಾಬಾದಿಗೂ ಗುಳೆ ಹೋಗುತ್ತಾರೆ. ಮನೆಯಲ್ಲಿ ಮುದುಕಿಯೂ ಮೊಮ್ಮಕ್ಕಳೂ ಉಳಿಯುತ್ತಾರೆ. ಆ ಮುದುಕಿಗೆ ಜ್ವರ ಬಂದರೆ ಬಾಗಿಲು ತಟ್ಟುವವರು ಯಾರು? ಗಂಡನ ಕುಡಿತದಿಂದ ಮುಖ ತೋರಿಸಲು ನಾಚಿ ಆರಾಧನೆಗೆ ಬಾರದೆ ನಿಂತ ಸಹೋದರಿಯ ಹೆಸರು ಹಾಜರಿಯ ಪುಸ್ತಕದಲ್ಲಿ ಕಾಣದೆ ಹೋದರೆ, ಅವಳು ಹಿಂಜಾರಿದಳೆಂದು ಸುಲಭವಾಗಿ ಹೇಳಿಬಿಡುತ್ತೇವೆ. ಪಾಲಕರು ಬರಲೆಂದು ಎಲ್ಲರೂ ಕಾಯುತ್ತಾರೆ. ಒಬ್ಬ ಪಾಲಕರ ಕೈಕೆಳಗೆ ಹಲವು ಹಳ್ಳಿಗಳಿರುವಾಗ ಅವರೊಬ್ಬರ ಪಾದಗಳು ಎಷ್ಟು ದೂರ ನಡೆದಾವು? ಲಂಡನಿನ ಸ್ಟೂವರ್ಡರಿಗೆ ಬಂದ ಕಷ್ಟವೇ ಇದು. ಅದಕ್ಕೆ ಕಂಡ ಪರಿಹಾರವೂ ನಮ್ಮ ಮುಂದಿದೆ.

ಚಿಕ್ಕ ಸಭೆಯಾದರೂ ನಾಲ್ಕು ಮಂದಿ ಮನಸ್ಸುಳ್ಳವರನ್ನು ಆರಿಸಬಹುದು. ಇಬ್ಬರು ಕೂಡಿ ಹೋಗಲಿ. ಹೆಂಗಸರಿರುವ ಮನೆಗೆ ಹೆಂಗಸರು ಹೋಗಲಿ. ಐದಾರು ಮನೆಗಳಿಗಿಂತ ಹೆಚ್ಚು ಹೊರೆ ಬೇಡ. ಹೋದ ಮೇಲೆ ಮೊದಲು ಕೇಳಲಿ, ಆಮೇಲೆ ಮಾತಾಡಲಿ. ಜ್ವರವಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ ಆಸ್ಪತ್ರೆಗೆ ಕರೆದೊಯ್ಯಲಿ. ಮುದುಕಿಗೆ ಪಿಂಚಣಿಯ ಅರ್ಜಿ ಬೇಕಾದರೆ ಬರೆದುಕೊಡಲಿ. ರೊಟ್ಟಿಯಿಲ್ಲದಿದ್ದರೆ ರೊಟ್ಟಿ ಕೊಂಡೊಯ್ಯಲಿ. ಒಂದು ಮನೆಯಲ್ಲಿ ಕೇಳಿದ್ದನ್ನು ಮತ್ತೊಂದು ಮನೆಯ ಕಟ್ಟೆಯ ಮೇಲೆ ಹೇಳಬಾರದು. ಹೇಳಿದರೆ ಆ ಬಾಗಿಲು ಮತ್ತೆ ತೆರೆಯುವದಿಲ್ಲ, ನಮ್ಮ ಸುವಾರ್ತೆಗೂ ಅಲ್ಲಿ ಬೆಲೆಯಿರದು. ಕ್ರೈಸ್ತರಲ್ಲದ ನೆರೆಯವರ ಮನೆಯನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಲಿ. ಅಲ್ಲಿ ಸಹಾಯವನ್ನು ಕೊಟ್ಟು ಮತವನ್ನು ಬೆಲೆಯಾಗಿ ಕೇಳಬಾರದು. ಕರ್ತನು ಗುಣಮಾಡಿದ ಹತ್ತು ಮಂದಿಯಲ್ಲಿ ಒಬ್ಬನೇ ಹಿಂದಿರುಗಿ ಬಂದನು, ಆದರೂ ಆತನು ಹತ್ತು ಮಂದಿಯನ್ನೂ ಗುಣಮಾಡಿದನು.

ರೋಗಿಯನ್ನು ನೋಡಲು ಹೋದವರು ತನ್ನನ್ನೇ ನೋಡಲು ಬಂದರೆಂದು ನ್ಯಾಯತೀರ್ಪಿನ ದಿನದಲ್ಲಿ ನಮ್ಮ ಕರ್ತನು ಎಣಿಸುವನು. ವೆಸ್ಲಿಯವರು ಆ ಮಾತನ್ನು ಅಕ್ಷರಶಃ ನಂಬಿ ಲಂಡನಿನ ಅಟ್ಟಗಳನ್ನು ಏರಿದರು. ನಮ್ಮ ಓಣಿಗಳಲ್ಲಿ ಅಟ್ಟಗಳಿಲ್ಲ; ಕಲ್ಲುಹಾಸಿನ ಮನೆಗಳ ಬಾಗಿಲುಗಳು ಬೀದಿಗೇ ತೆರೆದಿವೆ. ಈ ತಿಂಗಳು ಮುಗಿಯುವದರೊಳಗೆ ನಮ್ಮ ಒಂದೊಂದು ಸಭೆಯೂ ಯಾರ ಮನೆಗೆ ಯಾರು ಹೋಗಬೇಕೆಂದು ಕೂಡಿ ನಿಶ್ಚಯಿಸಿಕೊಳ್ಳಲಿ. ಅದಕ್ಕೆ ಬೇಕಾದ ಕೃಪೆಯನ್ನೂ ತಾಳ್ಮೆಯನ್ನೂ ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ.